ಕಾಲುವೆ ಊರಿನವನ ಕೈಗೆ ಬಂದ ಕುಂಡಗಳು

ಗಿಡಕ್ಕೆ ನೀರು ಹಾಕುತ್ತಿರುವ ಮನುಷ್ಯನ ಮುಖವನ್ನು ನೀವು ಎಂದಾದರೂ ಸಾವಧಾನವಾಗಿ ನೋಡಿದ್ದೀರೋ ಇಲ್ಲವೋ ನನಗೆ ತಿಳಿಯದು. ನೋಡಿಲ್ಲವಾದರೆ ನಾಳೆ ಬೆಳಿಗ್ಗೆ ಹಾಲು ತರಲು ಹೋಗುವಾಗ ನಿಮ್ಮ ಓಣಿಯ ಯಾವುದಾದರೂ ಕಾಂಪೌಂಡಿನೊಳಗೆ ಒಮ್ಮೆ ಇಣುಕಿರಿ. ಬನಿಯನ್ ತೊಟ್ಟು, ಲುಂಗಿ ಎತ್ತಿ ಕಟ್ಟಿ, ಕೈಯಲ್ಲಿ ಪೈಪು ಹಿಡಿದು ನಿಂತ ಆ ಮಹಾಶಯನ ಮುಖದ ಮೇಲೆ ಅನ್ನಛತ್ರ ಕಟ್ಟಿಸಿದವನಿಗೂ ಬಾರದಂಥ ದಾನದ ಕಳೆಯೊಂದು ಆಡುತ್ತಿರುತ್ತದೆ. ಒಳಗೆ ಮಡದಿ ಮಕ್ಕಳು ಅವನ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ, ಕಚೇರಿಯಲ್ಲಿ ಸಾಹೇಬರು ಅವನ ಕಡತವನ್ನು ನೋಡುವುದಿಲ್ಲ, ಸಂತೆಯಲ್ಲಿ ಬದನೆಕಾಯಿ ಮಾರುವವಳೂ ಅವನ ಚೌಕಾಸಿಗೆ ಬಗ್ಗುವುದಿಲ್ಲ. ಆದರೆ ಗಿಡಗಳ ಮುಂದೆ ಅವನು ಸಾಕ್ಷಾತ್ ಮಳೆರಾಯ. ಇಷ್ಟು ಸುಲಭವಾಗಿ, ಇಷ್ಟು ಕಡಿಮೆ ಖರ್ಚಿನಲ್ಲಿ ಮನುಷ್ಯನಿಗೆ ದೊಡ್ಡಸ್ತಿಕೆ ದೊರಕುವ ಬೇರೊಂದು ಜಾಗ ನನಗಂತೂ ಗೊತ್ತಿಲ್ಲ.

ಇದನ್ನು ನಾನು ಕುಹಕಕ್ಕೆ ಹೇಳುತ್ತಿಲ್ಲ. ಆ ಕಳೆ ನನ್ನ ಮುಖದ ಮೇಲೂ ಸರಿಯಾಗಿ ಎರಡು ತಿಂಗಳು ವಿರಾಜಮಾನವಾಗಿತ್ತು. ಅದು ಹೇಗೆ ಬಂತು, ಹೇಗೆ ಇಳಿಯಿತು ಎಂಬುದೇ ಈ ಹರಟೆಯ ವಸ್ತು.

ನನ್ನ ಪೂರ್ವಾಶ್ರಮದ ವಿಷಯ ಮೊದಲು ಹೇಳಿಬಿಡಬೇಕು. ನಾನು ಹುಣಸಗಿ ಕಡೆಯವನು. ನನಗೆ ಮೀಸೆ ಚಿಗುರುವ ಹೊತ್ತಿಗೆ ನಮ್ಮ ಹೊಲಗಳಿಗೆ ಕಾಲುವೆ ಬಂತು. ಅಲ್ಲಿಯತನಕ ಮುಗಿಲು ನೋಡುತ್ತ ಕುಳಿತಿದ್ದ ನಮ್ಮ ಹಿರಿಯರಿಗೆ ನೀರೆಂಬುದು ಹೀಗೆ ಹೇಳದೆ ಕೇಳದೆ ಮನೆ ಬಾಗಿಲಿಗೆ ಬಂದು ನಿಂತದ್ದು ಎಂಥ ಸಂಭ್ರಮವಾಯಿತೆಂದರೆ, ಅದನ್ನು ಸಾಕು ಅನ್ನುವುದು ಹೇಗೆ ಎಂಬುದನ್ನು ಕಲಿಯಲು ಯಾರಿಗೂ ಪುರಸೊತ್ತಾಗಲಿಲ್ಲ. ಸನಿಕೆಯಿಂದ ಬದುವಿನ ಬಾಯಿ ಬಿಡಿಸಿ, ನೀರು ಗದ್ದೆಗೆ ನುಗ್ಗುವುದನ್ನು ಕಣ್ತುಂಬ ನೋಡಿ, ಬೇವಿನ ಮರದ ಕೆಳಗೆ ಟವೆಲ್ ಹಾಸಿ ಮಲಗುವುದು: ಇಷ್ಟೇ ನಾನು ಕಲಿತ ನೀರಾವರಿ ಶಾಸ್ತ್ರ. ಎಚ್ಚರವಾದಾಗ ಗದ್ದೆ ತುಂಬಿ ಪಕ್ಕದವನ ಹೊಲಕ್ಕೂ ಹರಿದಿರುತ್ತಿತ್ತು. ಆಗ ಇನ್ನೊಂದು ಸಲ ಮಗ್ಗುಲು ಬದಲಿಸುತ್ತಿದ್ದೆವು.

ವಿಧಿಯ ವಿನೋದ ನೋಡಿ, ಇಂಥ ನನಗೆ ನೌಕರಿ ಸಿಕ್ಕಿದ್ದೂ ಕಾಲುವೆಯ ಕಚೇರಿಯಲ್ಲೇ. ಕಳೆದ ಇಪ್ಪತ್ತೆಂಟು ವರ್ಷಗಳಿಂದ ಗುಮಾಸ್ತನಾಗಿ ಕೂತು 'ನೀರನ್ನು ಮಿತವಾಗಿ ಬಳಸತಕ್ಕದ್ದು' ಎಂಬ ಒಂದೇ ವಾಕ್ಯವನ್ನು ಎಷ್ಟು ಸಾವಿರ ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕಾಲುವೆಯ ತಲೆಯಲ್ಲಿರುವವರು ಹೊಲವನ್ನೇ ಕೆರೆ ಮಾಡಿಕೊಂಡಿದ್ದಾರೆ, ಕೊನೆಯ ಭಾಗದ ನಮಗೆ ಬಾಯಿ ತೋಯಿಸಿಕೊಳ್ಳಲೂ ಇಲ್ಲ ಎಂಬ ಅರ್ಜಿಗಳನ್ನು ಓದಿ, ಸರದಿಯ ಪಟ್ಟಿ ಮಾಡಿ, ಅದಕ್ಕೆ ವಾರಾಬಂದಿ ಎಂಬ ಗಂಭೀರ ಹೆಸರಿನ ಶೀರ್ಷಿಕೆ ಕೊಟ್ಟು, ಮೇಲಿನವರಿಗೆ 'ಪರಿಸ್ಥಿತಿ ಸಮಾಧಾನಕರವಾಗಿದೆ' ಎಂದು ವರದಿ ಬರೆಯುವುದು ನನ್ನ ಕಾಯಕ. ಊರವರ ನೀರಿನ ಜಗಳ ಬಗೆಹರಿಸುವವನಿಗೆ ಮನೆಯ ಕುಂಡಗಳು ಯಾವ ಲೆಕ್ಕ ಎಂದು ನಾನು ತಿಳಿದಿದ್ದರೆ ತಪ್ಪೇನೂ ಇರಲಿಲ್ಲವಷ್ಟೆ.

ನನ್ನ ಮಡದಿ ನೀಲಮ್ಮನ ತವರು ಯಾದಗಿರಿಯ ಆಚೆ, ತೊಗರಿ ಜೋಳ ಬಿಟ್ಟರೆ ಬೇರೆ ಬೆಳೆ ಕಾಣದ, ಮಳೆಯನ್ನೇ ನಂಬಿದ ಒಣಭೂಮಿಯ ಹಳ್ಳಿ. ಮದುವೆಯಾದ ಹೊಸದರಲ್ಲಿ ನಾನು ಅಲ್ಲಿಗೆ ಹೋದಾಗ ಅತ್ತೆಯವರು ಅಕ್ಕಿ ತೊಳೆದ ನೀರಿನಲ್ಲಿ ಕಾಯಿಪಲ್ಯ ತೊಳೆದು, ಕಾಯಿಪಲ್ಯ ತೊಳೆದ ನೀರನ್ನು ಆಡಿಗೆ ಕುಡಿಸಿ, ಆಡು ಕುಡಿದು ಉಳಿಸಿದ ನೀರನ್ನು ಬಾಗಿಲ ಮುಂದಿನ ತುಳಸಿಗೆ ಹಾಕಿದ್ದನ್ನು ನೋಡಿ ನಾನು ನಕ್ಕಿದ್ದೆ. ಅಂದು ನಕ್ಕ ಸಾಲ ಇಂದಿಗೂ ತೀರಿಲ್ಲ. ಹುಣಸಗಿಯವರು ನೀರು ಕಂಡರೆ ಎಮ್ಮೆ ಇದ್ದಂಗ ಎಂಬ ಮಾತನ್ನು ಅವಳು ವರ್ಷಕ್ಕೆ ನಾಲ್ಕಾರು ಸಲ, ಹಬ್ಬಹರಿದಿನ ನೋಡಿಕೊಂಡು ಎಸೆಯುತ್ತಾಳೆ.

ಸುರಪುರದಲ್ಲಿ ನಾವು ಮನೆ ಕಟ್ಟಿಸಿದಾಗ ಅಂಗಳಕ್ಕೆ ಜಾಗ ಉಳಿಯಲಿಲ್ಲವಾದ್ದರಿಂದ ಅವಳು ಮಾಳಿಗೆಯ ಮೇಲೆ ತೋಟ ಎಬ್ಬಿಸಿದಳು. ತೋಟವೆಂದರೆ ನೀವು ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಎಣ್ಣೆ ಡಬ್ಬಿಯಲ್ಲಿ ಪುದೀನ, ಬಣ್ಣದ ಬಕೆಟ್ಟಿನಲ್ಲಿ ಮೆಣಸಿನಗಿಡ, ಕಂಠ ಒಡೆದ ಕೊಡದಲ್ಲಿ ಕನಕಾಂಬರ, ಸಿಮೆಂಟಿನ ಕುಂಡಗಳಲ್ಲಿ ದಾಸವಾಳ, ಕರಿಬೇವು, ನಿಂಬೆ. ಮನೆಯಲ್ಲಿ ಕೆಲಸ ಬಿಟ್ಟ ಪಾತ್ರೆಗಳೆಲ್ಲ ಮೇಲೆ ಹೋಗಿ ಹೊಸ ನೌಕರಿ ಹಿಡಿದಿದ್ದವು. ನಟ್ಟನಡುವೆ, ಅರ್ಧಕ್ಕೆ ಕೊಯ್ದ ನೀಲಿ ಬ್ಯಾರಲ್ಲಿನಲ್ಲಿ, ಹದಿಮೂರು ವರ್ಷದ ದುಂಡುಮಲ್ಲಿಗೆ. ಪ್ರತಿ ವರ್ಷ ಸಂಕ್ರಮಣದ ಹೊತ್ತಿಗೆ ಅದರ ರೆಂಬೆಗಳನ್ನು ಸವರಿ, ಕೆಲವು ದಿನ ನೀರು ಬಿಗಿ ಹಿಡಿದು, ಯುಗಾದಿಗೆ ಮೊದಲ ಮೊಗ್ಗು ಬಿಡಿಸಿ ದೇವರ ಜಗಲಿಗೆ ಏರಿಸುವುದು ಅವಳ ಪದ್ಧತಿ. ಸುತ್ತಲಿನ ಗುಡ್ಡದ ಬಂಡೆಗಳು ಕಾದು ಊರೆಲ್ಲ ಹಂಚಿನಂತಾದ ಹೊತ್ತಿನಲ್ಲಿ, ನಮ್ಮ ಮಾಳಿಗೆಯ ಮೇಲೆ ಮಾತ್ರ ಸಂಜೆ ಮಲ್ಲಿಗೆಯ ವಾಸನೆ ಸುಳಿಯುತ್ತಿತ್ತು. ಅವಳ ಬಳಿ ಪೈಪಿರಲಿಲ್ಲ. ಹೊಟ್ಟೆ ಒಳಗೆ ಹೋದ ಒಂದು ಹಿತ್ತಾಳೆ ತಂಬಿಗೆ, ಒಂದು ಬಕೆಟ್ಟು, ಇಷ್ಟೇ. ಮೊದಲು ಮಣ್ಣಿಗೆ ಬೆರಳು ಚುಚ್ಚಿ ನೋಡುವಳು, ಆಮೇಲೆ ಹಾಕಿದರೆ ಹಾಕುವಳು, ಇಲ್ಲವಾದರೆ ತಂಬಿಗೆ ಹಿಡಿದು ಮುಂದಿನ ಕುಂಡಕ್ಕೆ ಹೋಗುವಳು.

ಈ ವರ್ಷ ಸಂಕ್ರಮಣದ ಮರುದಿನ, ಮಲ್ಲಿಗೆ ಸವರಿ ಕೆಳಗಿಳಿಯುವಾಗ, ಹತ್ತೊಂಬತ್ತು ಮೆಟ್ಟಿಲಲ್ಲಿ ಮೇಲಿನಿಂದ ಎಂಟನೆಯದರ ಮೇಲೆ ಅವಳ ಕಾಲು ಜಾರಿತು. ಖಾಲಿ ಬಕೆಟ್ಟು ಉರುಳಿದ ಸದ್ದು ಮೊದಲು ಬಂತು, ಆಮೇಲೆ ಅವಳ ಕೂಗು. ಯಾದಗಿರಿಯ ದವಾಖಾನೆಯಲ್ಲಿ ಬಲಗಾಲಿನ ಪಾದದ ಗಿಣ್ಣಿನ ಹತ್ತಿರ ಎಲುಬು ಮುರಿದಿದೆ ಎಂದು ಫೋಟೋ ತೋರಿಸಿ, ಮೊಳಕಾಲ ತನಕ ಸಿಮೆಂಟಿನ ಪಟ್ಟಿ ಹಾಕಿ, ಆರು ವಾರ ನೆಲಕ್ಕೆ ಕಾಲೂರಬೇಡಿ ಎಂದು ಹೇಳಿ ಕಳಿಸಿದರು. ಮಗಳು ಶಹಾಪುರದಿಂದ ಬಂದು ಹದಿನೈದು ದಿನ ಇದ್ದು ಅಡಿಗೆಯ ಮಟ್ಟಿಗೆ ನನ್ನನ್ನು ತಯಾರು ಮಾಡಿ ಹೋದಳು. ಗಿಡಗಳ ಮಟ್ಟಿಗೆ ತಯಾರಿ ನನಗೆ ಬೇಕಿರಲಿಲ್ಲ, ನಾನು ಇಲಾಖೆಯವನು.

ನೀಲಮ್ಮ ಮಂಚದ ಮೇಲಿಂದಲೇ ಉಪದೇಶ ಮಾಡಿದಳು. ಅದರಲ್ಲಿ ನನಗೆ ನೆನಪುಳಿದದ್ದು ಒಂದೇ ಮಾತು.

"ಗಿಡಕ್ಕ ಕುಡಿಯಾಕ ಕೊಡ್ರಿ, ಜಳಕ ಮಾಡಸಬ್ಯಾಡ್ರಿ. ಮಣ್ಣಾಗ ಬಟ್ಟು ಇಟ್ಟು ನೋಡ್ರಿ, ಹಸಿ ಇದ್ರ ಹಂಗ ಬಿಟ್ಟುಬಿಡ್ರಿ."

ನೆನಪುಳಿಯಿತು ಎಂದೆನೇ ಹೊರತು ಪಾಲಿಸಿದೆ ಎಂದು ಹೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕಟ್ಟಿದವನು ಹೆಂಡತಿಯ ಮಾತನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದನೋ ಏನೋ. ನಾನು ಮರುದಿನವೇ ಒಂದು ಹಸಿರು ಪೈಪು ತಂದು ಮಾಳಿಗೆಯ ನೀರಿನ ಟಾಕಿಗೆ ಜೋಡಿಸಿದೆ. ಮುಂಜಾನೆ ಒಂದು ಸಲ, ಕಚೇರಿಯಿಂದ ಬಂದು ಒಂದು ಸಲ, ಬರೀ ಬನಿಯನ್ನಿನಲ್ಲಿ ನಿಂತು, ನಾನು ಮೇಲೆ ಹೇಳಿದ ಆ ಕಳೆಯನ್ನು ಮುಖಕ್ಕೆ ತಂದುಕೊಂಡು ನೀರು ಬಿಡತೊಡಗಿದೆ. ನೀರು ಹಾಕುವುದಲ್ಲ, ಬಿಡುವುದು. ಬದುವಿನ ಬಾಯಿ ಬಿಡಿಸಿದ ಹುಡುಗನಿಗೆ ಐವತ್ತಾರು ವರ್ಷವಾದರೂ ಅವನು ಸತ್ತಿರಲಿಲ್ಲ.

ಮೂರನೆಯ ವಾರಕ್ಕೆ ಮಾಳಿಗೆಯ ಮೇಲೆ ಒಂದು ವಿಚಿತ್ರ ಕಾಣಿಸಿತು. ಪೈಪು ಗಿಡ್ಡವಾದ್ದರಿಂದ ಟಾಕಿಯ ಮಗ್ಗುಲಿನ ಪುದೀನ, ಮೆಣಸಿನಗಿಡಗಳು ದಿನವೂ ಮುಳುಗಿ ಕೊಳೆಯತೊಡಗಿದ್ದವು. ಆ ತುದಿಯ ಕನಕಾಂಬರಕ್ಕೆ ನೀರು ಮುಟ್ಟದೆ ಅದು ಸುಟ್ಟ ಹಪ್ಪಳದಂತಾಗಿತ್ತು. ಕಾಲುವೆಯ ತಲೆ ಮತ್ತು ಕೊನೆಯ ಭಾಗದ ಆ ಇಪ್ಪತ್ತೆಂಟು ವರ್ಷದ ಜಗಳವನ್ನು ಮೂವತ್ತು ಅಡಿ ಮಾಳಿಗೆಯ ಮೇಲೆ ನಾನು ಒಬ್ಬನೇ, ಯಾರ ನೆರವೂ ಇಲ್ಲದೆ ಮರುಸೃಷ್ಟಿ ಮಾಡಿದ್ದೆ. ಅರ್ಜಿ ಕೊಡಲು ಕನಕಾಂಬರಕ್ಕೆ ಕೈಯಿರಲಿಲ್ಲ ಅಷ್ಟೆ. ಅಭ್ಯಾಸಬಲದಿಂದ ನಾನು ಒಂದು ವಾರಾಬಂದಿ ಪಟ್ಟಿಯನ್ನು ಬರೆದು ಟಾಕಿಗೆ ಅಂಟಿಸಿದೆ, ಮತ್ತು ಅದೇ ಅಭ್ಯಾಸಬಲದಿಂದ ಅದನ್ನು ಪಾಲಿಸಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಒಂದು ದಿನ ಮಲ್ಲಿಗೆಯ ಬ್ಯಾರಲ್ಲಿನ ತಳದಿಂದ ನೀರು ಜಿನುಗಿ ಫರಶಿಕಲ್ಲಿನ ನೆಲದ ಮೇಲೆ ಹರಿಯುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಸೋರಿಕೆ ತಡೆಗಟ್ಟುವುದು ನಮ್ಮ ಇಲಾಖೆಯ ಪರಮ ಧ್ಯೇಯ. ಕಾಲುವೆಯ ಬಿರುಕಿನ ವಿಷಯವಾಗಿ ಅಷ್ಟೊಂದು ಪತ್ರ ಬರೆದ ಕೈ ಸುಮ್ಮನಿರುವುದುಂಟೇ? ಬಗ್ಗಿ ನೋಡಿದೆ, ತಳದಲ್ಲಿ ಮೂರು ತೂತು. ಹಳೆಯದಾಗಿ ತೂತು ಬಿದ್ದಿದೆ ಎಂದುಕೊಂಡು ಅರಿವೆ ತುರುಕಿ ಮೂರನ್ನೂ ಭದ್ರವಾಗಿ ಮುಚ್ಚಿದೆ. ಹೆಚ್ಚಾದ ನೀರು ಹೊರಗೆ ಹೋಗಲೆಂದು ಆ ತೂತುಗಳನ್ನು ನೀಲಮ್ಮನೇ ಕಾದ ಕಬ್ಬಿಣದ ಸಲಾಕೆಯಿಂದ ಮಾಡಿದ್ದಳೆಂಬುದು ನನಗೆ ಹೊಳೆಯಲೇ ಇಲ್ಲ. ಅಂದು ಕೈ ತೊಳೆದುಕೊಂಡು ಕೆಳಗಿಳಿಯುವಾಗ ನನಗೆ ನನ್ನ ಬಗ್ಗೆ ಬಹಳ ಗೌರವವುಂಟಾಗಿತ್ತು.

ಸಂಜೆ ಸಂಜೆ ಅವಳಿಗೆ ವರದಿ ಒಪ್ಪಿಸುವುದು ನಿಯಮವಾಗಿತ್ತು. ಪುದೀನ ಹೋದ ದಿನ ನಾನು ಮೊದಲ ಸುಳ್ಳು ಹೇಳಿದೆ. ಆಮೇಲೆ ಕಷ್ಟವಾಗಲಿಲ್ಲ. ಸುಳ್ಳು ಎನ್ನುವುದಕ್ಕಿಂತ ಅದನ್ನು ಕಚೇರಿಯ ಭಾಷೆ ಎನ್ನಬಹುದು; ಸತ್ತದ್ದನ್ನು 'ಸ್ವಲ್ಪ ಬಾಡಿದೆ' ಎಂದೂ, ಬಾಡಿದ್ದನ್ನು 'ಸಮಾಧಾನಕರ' ಎಂದೂ ಅನುವಾದಿಸುತ್ತಿದ್ದೆ. ಅವಳು ಗೋಡೆಯ ಕಡೆ ನೋಡುತ್ತ ಕೇಳಿಸಿಕೊಳ್ಳುತ್ತಿದ್ದಳು.

ಸಿಮೆಂಟಿನ ಪಟ್ಟಿ ತೆಗೆದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಎಲುಬು ಕೂಡಿದೆ, ಇನ್ನು ಓಡಾಡಬೇಕು, ಮೆಟ್ಟಿಲು ಹತ್ತಿ ಇಳಿಯಬೇಕು, ಇಲ್ಲದಿದ್ದರೆ ಕಾಲು ಹೀಗೇ ಬಿಗಿದುಕೊಂಡುಬಿಡುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು. ಮನೆಯೊಳಗೆ ಗೋಡೆ ಹಿಡಿದು ನಡೆಯುವಳು. ಹಿತ್ತಲ ಬಾಗಿಲ ತನಕ ಬರುವಳು. ಅಲ್ಲಿಂದ ಮೆಟ್ಟಿಲು ಕಾಣುತ್ತಲೇ ಮುಖ ಬಿಳಿಚಿಕೊಂಡು ಹಿಂದಕ್ಕೆ ತಿರುಗುವಳು. ಮೂವತ್ತು ವರ್ಷದಲ್ಲಿ ಅವಳು ಹೆದರಿದ್ದನ್ನು ನಾನು ನೋಡಿರಲಿಲ್ಲ. ಮನೆಯಲ್ಲಿ ಹೆದರುವ ಕೆಲಸವೆಲ್ಲ ನನ್ನದಾಗಿತ್ತು. ದಿನಗಳೆದಂತೆ ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು, ಹುಣಸಗಿಯವರ ಮೇಲಿನ ಚೇಷ್ಟೆಯೂ ನಿಂತುಹೋಯಿತು. ಬೈಸಿಕೊಳ್ಳದ ಮನೆಯಲ್ಲಿ ನನಗೆ ಒಂದು ತುತ್ತೂ ಇಳಿಯದಂತಾಯಿತು. ಒಂದು ಸಂಜೆ ಅವಳು, ಇನ್ನು ಮಾಳಿಗಿ ನನ್ನ ಪಾಲಿಗೆ ಮುಗೀತ್ರಿ ಎಂದು ಯಾರದೋ ವಿಷಯವೆಂಬಂತೆ ಹೇಳಿದಳು. ಆಗ ನಾನು ಯೋಚಿಸದೆ ಆಡಿದ ಮಾತು ಇದು: ಹಂಗ್ಯಾಕ ಅಂತಿ, ಮಲ್ಲಿಗಿ ಮಗ್ಗಿ ಬಿಟ್ಟಾದ, ಯುಗಾದಿಗೆ ನೀನೇ ಬಂದು ಹರಿಯಾಕಿ.

ಅವಳ ಕಣ್ಣುಗಳು ಎರಡು ತಿಂಗಳಲ್ಲಿ ಮೊದಲ ಸಲ ನನ್ನ ಕಡೆ ಹೊರಳಿದವು. ಎಷ್ಟು ಮೊಗ್ಗು ಎಂದು ಕೇಳಿದಳು. ಬೇಕಾದಷ್ಟು ಎಂದೆ. ಅಂದು ರಾತ್ರಿ ಅವಳು ಒಂದು ರೊಟ್ಟಿ ಹೆಚ್ಚು ಉಂಡಳು.

ಮೊಗ್ಗು ಎಲ್ಲಿಯದು ಸ್ವಾಮಿ? ಮಲ್ಲಿಗೆಯ ಎಲೆಗಳು ಹಳದಿಯಾಗಿ ವಾರವಾಗಿತ್ತು. ಈಗ ಆ ಗಿಡ ಬರೀ ಗಿಡವಾಗಿ ಉಳಿಯಲಿಲ್ಲ; ಅದು ಹೂ ಬಿಟ್ಟರೆ ಇವಳು ಮೆಟ್ಟಿಲು ಹತ್ತುತ್ತಾಳೆ, ಅದು ಸತ್ತರೆ ಇವಳು ಕೆಳಗೇ ಉಳಿಯುತ್ತಾಳೆ ಎಂಬ ಗಂಟು ನನ್ನ ಮಾತಿನಿಂದಲೇ ಬಿದ್ದುಬಿಟ್ಟಿತ್ತು. ನಾನು ಮರುದಿನವೇ ನಮ್ಮ ಕಚೇರಿಯ ಮಾಳಪ್ಪನನ್ನು ಹಿಡಿದೆ. ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸದವನು. ದೇವಾಪುರದ ಅವನ ಮನೆಯಲ್ಲಿ ಮುನ್ನೂರು ಕುರಿಗಳಿವೆ. ಕುರಿಯ ಹಿಕ್ಕೆಗಿಂತ ಒಳ್ಳೆಯ ಗೊಬ್ಬರವಿಲ್ಲ ಎಂಬುದು ನಮ್ಮ ಸೀಮೆಯಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಹಳೆಯದು ಬೇಕೋ ಹೊಸದೋ ಎಂದು ಅವನು ಕೇಳಿದ. ನಾನು ಕಾಯಿಪಲ್ಯ ಕೊಳ್ಳುವವನ ಗತ್ತಿನಲ್ಲಿ ತಾಜಾದೇ ತಾ ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ತಲೆಯಾಡಿಸಿ, ಮರುದಿನ ಒಂದು ಚೀಲ ಬಿಸಿ ಬಿಸಿ ಹಿಕ್ಕೆ ತಂದುಕೊಟ್ಟ. ಅರ್ಧ ಚೀಲವನ್ನು ಬ್ಯಾರಲ್ಲಿಗೆ ಸುರಿದು ಮೇಲೆ ಟಾಕಿಯ ಕಾಲುಭಾಗ ನೀರು ಬಿಟ್ಟೆ.

ಐದನೆಯ ದಿನಕ್ಕೆ ಗಿಡದಲ್ಲಿ ಒಂದು ಎಲೆಯೂ ಇರಲಿಲ್ಲ. ಯುಗಾದಿಗೆ ಎರಡು ದಿನವಿತ್ತು. ಮಾಳಪ್ಪನನ್ನು ಕರೆತಂದು ತೋರಿಸಿದೆ. ಅವನು ಕುಕ್ಕರಗಾಲಿನಲ್ಲಿ ಕೂತು, ಹಿಕ್ಕೆಯನ್ನು ಮೂಸಿ, ದೊಡ್ಡ ದವಾಖಾನೆಯ ಡಾಕ್ಟರನಂತೆ ನನ್ನ ಕಡೆ ನೋಡಿದ.

"ಹೊಸಾ ಹಿಕ್ಕಿ ಅಂದ್ರ ಬೆಂಕಿ ಇದ್ದಂಗ್ರಿ ಸರ. ಹೊಲದಾಗ ಕುರಿ ಹಟ್ಟಿ ಹಾಕಿಸಿದ್ರೂ ಒಂದು ಮಳಿ ಬೀಳೋತನಕ ನಾವು ಬೀಜ ಬಿತ್ತಂಗಿಲ್ಲ. ನೀವು ತಾಜಾ ಅಂದ್ರಿ, ಓದಿದವರು ತಿಳಿದೇ ಕೇಳ್ಯಾರ ಅನ್ಕೊಂಡ್ಯಾ."

ಓದಿದವರ ಮೇಲೆ ಆ ಮನುಷ್ಯನಿಗಿದ್ದ ನಂಬಿಕೆಯನ್ನು ನೆನೆದರೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ. ಗಿಡ ಬದುಕೀತೇ ಎಂದು ಕೇಳಿದೆ. ಅಕ್ಕೋರಿಗೆ ತೋರಿಸ್ರಿ ಎಂದಷ್ಟೇ ಹೇಳಿ ಅವನು ಇಳಿದುಹೋದ. ಅದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ನಾನು ಮಾಡುತ್ತಿದ್ದೆ.

ಅಪರಾಧ ಮುಚ್ಚಿಡುವವನಿಗೆ ಬುದ್ಧಿ ಬಹಳ ಚುರುಕಾಗುತ್ತದೆ, ಆದರೆ ಒಂದೇ ದಿಕ್ಕಿನಲ್ಲಿ. ಯುಗಾದಿಯ ಬೆಳಿಗ್ಗೆ, ಬೇವಿನ ಹೂ ತರುತ್ತೇನೆಂದು ಹೇಳಿ ಹೋಗಿ, ಬಸ್ ಸ್ಟ್ಯಾಂಡಿನ ಹತ್ತಿರ ಹೂವಿನವಳಿಂದ ಎರಡು ಮೊಳ ಮಲ್ಲಿಗೆ ಮಾಲೆ ತಂದೆ. ಮಾಲೆಯನ್ನೇ ಕೊಟ್ಟರೆ ಗುಟ್ಟು ರಟ್ಟಾಗುವುದಿಲ್ಲವೇ? ಅಷ್ಟು ಮೂರ್ಖನೇ ನಾನು? ಮಾಳಿಗೆಯ ಮೇಲೆ, ಎಲೆಯಿಲ್ಲದ ಆ ಗಿಡದ ಮುಂದೆಯೇ ಕೂತು, ದಾರ ಬಿಚ್ಚಿ ಒಂದೊಂದೇ ಮೊಗ್ಗನ್ನು ಬೇರೆ ಮಾಡಿ, ಮುತ್ತುಗದ ಎಲೆಯಲ್ಲಿಟ್ಟು, ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಕೆಳಗೆ ತಂದೆ. ನಮ್ಮ ಗಿಡದ ಮೊದಲ ಹೂ ಎಂದು ಅವಳ ಕೈಗಿಟ್ಟೆ.

ನೀಲಮ್ಮ ದೇವರ ಮುಂದೆ ಮಣೆಯ ಮೇಲೆ ಕೂತಿದ್ದಳು. ಮೊಗ್ಗುಗಳನ್ನು ಮೂಗಿನ ಹತ್ತಿರ ಒಯ್ದಳು. ಆಮೇಲೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು, ಇನ್ನೊಂದನ್ನು ಎತ್ತಿದಳು.

"ತೊಟ್ಟಿನಾಗ ದಾರದ ಗುರುತು ಅದ," ಎಂದಳು. "ಗಿಡದಾಗ ಇವಕ್ಕ ದಾರ ಯಾರು ಕಟ್ಟ್ಯಾರ್ರಿ?"

ಖರೇ ಹೇಳ್ರಿ ಎಂದಳು. ಹೇಳಿದೆ. ಪೈಪು, ಪುದೀನ, ಕನಕಾಂಬರ, ಮುಚ್ಚಿದ ತೂತು, ಬಿಸಿ ಹಿಕ್ಕೆ, ಎಲ್ಲವನ್ನೂ ದೇವರ ದೀಪದ ಎದುರಿಗೆ ಒಂದೂ ಬಿಡದೆ ಹೇಳಿದೆ. ಗಿಡ ಸತ್ತದ ಅನಸ್ತದ ಎಂಬುದು ಕೊನೆಯ ಮಾತು. ಅವಳು ಅಳುತ್ತಾಳೆ, ಇಲ್ಲವೇ ಮತ್ತೆ ಗೋಡೆಯ ಕಡೆ ತಿರುಗುತ್ತಾಳೆ ಎಂದು ಹೆದರಿ ಕಣ್ಣು ಮುಚ್ಚಿದ್ದೆ. ಮಣೆ ಸರಿದ ಸದ್ದು ಕೇಳಿ ಕಣ್ಣು ಬಿಟ್ಟರೆ ಅವಳು ಎದ್ದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಆ ಮುಖವನ್ನು ಮೂವತ್ತು ವರ್ಷದಿಂದ ಬಲ್ಲೆ. ಅದು ಸಿಟ್ಟಿನ ಮುಖ. ಅದನ್ನು ನೋಡಿ ಹೆದರಬೇಕಾದ ನನಗೆ ಒಳಗೊಳಗೇ ಏನೋ ಹಗುರವಾಯಿತು.

ಗೋಡೆ ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. ಮೆಟ್ಟಿಲ ಮುಂದೆ ನಿಂತಳು. ನಾನು ಬೇಡವೆಂದೆ, ನನ್ನ ಮಾತು ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ, ಆಡುವ ಯೋಗ್ಯತೆ ನನಗೂ ಇರಲಿಲ್ಲ. ಎಡಗಾಲು ಇಟ್ಟಳು, ಬಲಗಾಲನ್ನು ಅದರ ಮಗ್ಗುಲಿಗೆ ಎಳೆದುಕೊಂಡಳು. ಮತ್ತೆ ಎಡಗಾಲು. ನಾನು ಹಿಂದಿನಿಂದ ಎರಡೂ ಕೈ ಚಾಚಿಕೊಂಡು, ಮೊದಲ ಹೆಜ್ಜೆ ಇಡುವ ಕೂಸಿನ ಹಿಂದೆ ಹೋಗುವವರಂತೆ ಹತ್ತತೊಡಗಿದೆ. ಹನ್ನೊಂದು ಮೆಟ್ಟಿಲು ದಾಟಿದ ಮೇಲೆ ನಿಂತಳು. ಮುಂದಿನದು ಅದೇ, ಮೇಲಿನಿಂದ ಎಂಟನೆಯದು. ಹಿಂದಕ್ಕೆ ತಿರುಗಿದರೆ ಇನ್ನು ಎಂದೂ ಹತ್ತುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾನು ಜನ್ಮದಲ್ಲಿ ಅಷ್ಟು ಮನಸ್ಸಿಟ್ಟು ಯಾವ ದೇವರನ್ನೂ ಬೇಡಿರಲಿಲ್ಲ.

"ತೂತಿಗಿ ಯಾವ ಅರಬಿ ತುರುಕೀರಿ?" ಎಂದು ಅವಳು ಮುಂದೆ ನೋಡುತ್ತಲೇ ಕೇಳಿದಳು.

"ನಿನ್ನ ಹಳೀ ಇಳಕಲ್ಲ ಸೀರಿ ತುಂಡು," ಎಂದೆ.

ಅವಳು ಆ ಮೆಟ್ಟಿಲನ್ನು ಒದ್ದಂತೆ ತುಳಿದು ಮೇಲೆ ಹೋದಳು.

ಮಾಳಿಗೆಯ ಮೇಲೆ ಕೊಳೆತ ಪುದೀನ, ಒಣಗಿದ ಕನಕಾಂಬರ, ಟಾಕಿಗೆ ಅಂಟಿಸಿದ ನನ್ನ ವಾರಾಬಂದಿ ಪಟ್ಟಿ, ಎಲ್ಲವನ್ನೂ ನೋಡುತ್ತ ಕುಂಟುತ್ತ ಹೋಗಿ ಬ್ಯಾರಲ್ಲಿನ ಮುಂದೆ ಕೂತಳು. ಬರಿಗೈಯಿಂದ ಹಿಕ್ಕೆಯನ್ನೆಲ್ಲ ಬಾಚಿ ಹೊರಗೆ ಹಾಕಿದಳು. ಬಗ್ಗಿ ತಳದ ತೂತಿನಿಂದ ಅರಿವೆ ಎಳೆದಳು. ಮೊದಲನೆಯದು ಬಂತು, ಎರಡನೆಯದು ಬಂತು. ಮೂರನೆಯದು ಬರುತ್ತಲೇ ಇಷ್ಟು ದಿನ ಕಟ್ಟಿನಿಂತ ನೀರು ಕರ್ರಗೆ, ನಾರುತ್ತ, ಗುಳುಗುಳು ಎಂದು ಹೊರಗೆ ಹರಿಯಿತು. ಅದು ಹರಿದು ಮುಗಿಯುವ ತನಕ ಇಬ್ಬರೂ ನೋಡುತ್ತಿದ್ದೆವು. ಆಮೇಲೆ ಅವಳು ಗಿಡದ ಬುಡದಲ್ಲಿ, ಕಡ್ಡಿಯಂತಾಗಿದ್ದ ಕಾಂಡಕ್ಕೆ ಹೆಬ್ಬೆರಳ ಉಗುರು ಒತ್ತಿ, ಸಿಪ್ಪೆಯನ್ನು ಸ್ವಲ್ಪವೇ ಕೆರೆದಳು.

"ಹಸಿರದ," ಎಂದಳು. "ಸತ್ತಿಲ್ರಿ."

ನಾನು ಬಗ್ಗಿ ನೋಡಿದೆ. ಜೋಳದ ಕಾಳಿನಷ್ಟು ಜಾಗದಲ್ಲಿ ತೆಳ್ಳನೆಯ ಎಳೆ ಹಸಿರು. ಅಲ್ಲಿಯೇ, ಆ ಕಾದ ಫರಶಿಯ ಮೇಲೆ ಕೂತುಬಿಟ್ಟೆ. ಕಣ್ಣೀರು ಬಂತು. ಬಿಸಿಲಿಗೆ ಎಂದು ಹೇಳೋಣವೆಂದರೆ ಸುಳ್ಳಿನ ಸಂಗ್ರಹ ಅಂದಿಗೆ ಖಾಲಿಯಾಗಿತ್ತು. ನೀಲಮ್ಮ ಈಗ ಬೈಯಲು ಶುರುಮಾಡಿದಳು. ಹುಣಸಗಿಯಿಂದ ಹಿಡಿದು, ನಮ್ಮ ಇಲಾಖೆ, ನಮ್ಮ ವಂಶ, ನನ್ನ ಪೈಪು, ಯಾವುದನ್ನೂ ಬಿಡಲಿಲ್ಲ. ಯುಗಾದಿಯ ದಿನ ಬೇವು ತಿಂದರೆ ವರ್ಷವಿಡೀ ಆರೋಗ್ಯ ಎನ್ನುತ್ತಾರೆ. ನನಗೆ ಅದು ಬೆಲ್ಲದಂತೆಯೇ ಇತ್ತು. ಅರ್ಧ ಗಂಟೆಯ ಮೇಲೆ ಬೈಗುಳ ನಿಂತಿತು. ಅವಳು ಸುತ್ತ ಗುಡ್ಡದ ಕಡೆ ನೋಡಿದಳು, ತಾನು ಕೂತ ಜಾಗ ನೋಡಿದಳು, ಆಮೇಲೆ ಮೆಟ್ಟಿಲ ಕಡೆ ನೋಡಿದಳು.

"ಏರೂದು ಏರೀನಿ," ಎಂದಳು ಮೆಲ್ಲಗೆ. "ಇಳಿಯೂದು ಹ್ಯಾಂಗ್ರಿ?"

ನಾನು ಎರಡು ಮೆಟ್ಟಿಲು ಮುಂದೆ ಇಳಿದು ನಿಂತು ಭುಜ ಕೊಟ್ಟೆ. ಅವಳ ಎರಡೂ ಕೈ ನನ್ನ ಭುಜದ ಮೇಲೆ. ಹತ್ತೊಂಬತ್ತು ಮೆಟ್ಟಿಲು ಇಳಿಯಲು ಬಹಳ ಹೊತ್ತು ಹಿಡಿಯಿತು. ಬೇವು ಬೆಲ್ಲ ತಿನ್ನುವಾಗ ಮಧ್ಯಾಹ್ನ ದಾಟಿತ್ತು.

ಮಲ್ಲಿಗೆ ಈ ವರ್ಷ ಯುಗಾದಿಗೆ ಹೂ ಬಿಡಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಇಪ್ಪತ್ತು ದಿನಕ್ಕೆ ಗೆಣ್ಣುಗಳಲ್ಲಿ ಇರುವೆಯ ತಲೆಯಷ್ಟು ಚಿಗುರು ಕಂಡಿತು. ಮುಂಗಾರಿಗೆ ಮುಂಚೆ ಒಂದು ಅಡ್ಡಮಳೆ ಬಿದ್ದ ವಾರದಲ್ಲಿ ಏಳೇ ಏಳು ಮೊಗ್ಗು ಬಂದವು, ತೊಟ್ಟಿನಲ್ಲಿ ದಾರದ ಗುರುತಿಲ್ಲದವು. ಒಂದನ್ನು ದೇವರಿಗಿಟ್ಟು, ಒಂದನ್ನು ಮಾಳಪ್ಪನ ಹೆಂಡತಿಗೆಂದು ಕಳಿಸಿ, ಉಳಿದವನ್ನು ಅವಳು ಮುಡಿದುಕೊಂಡಳು. ಉಳಿದ ಅರ್ಧ ಚೀಲ ಹಿಕ್ಕೆ ಮೂಲೆಯಲ್ಲಿ ಮುಂದಿನ ವರ್ಷಕ್ಕೆಂದು ಹಳತಾಗುತ್ತಿದೆ. ಹಸಿರು ಪೈಪನ್ನು ಅವಳು ತುಂಡು ತುಂಡು ಮಾಡಿ ಬಳ್ಳಿ ಕಟ್ಟಲು ಬಳಸಿದ್ದಾಳೆ.

ಮಾಳಿಗೆಯ ಕೆಲಸದಿಂದ ನನ್ನನ್ನು ತೆಗೆದಿಲ್ಲ, ಹುದ್ದೆ ಇಳಿಸಿದ್ದಾರೆ. ಸಂಜೆ ಇಬ್ಬರೂ ಮೇಲೆ ಹೋಗುತ್ತೇವೆ. ಅವಳು ಕಟ್ಟೆಯ ಮೇಲೆ ಕೂರುತ್ತಾಳೆ; ಹೊಟ್ಟೆ ಒಳಗೆ ಹೋದ ತಂಬಿಗೆ ಈಗ ನನ್ನ ಕೈಯಲ್ಲಿ. ನಾನು ಕುಂಡದ ಮಣ್ಣಿಗೆ ಬೆರಳು ಚುಚ್ಚಿ, ಸ್ವಲ್ಪ ಹೊತ್ತು ಹಾಗೇ ಇಟ್ಟು, ಹಸಿ ಇದೆಯೋ ಇಲ್ಲವೋ ಎಂದು ಅವಳಿಗೆ ಹೇಳುತ್ತೇನೆ. ನಿಮ್ಮಲ್ಲಿ ಯಾರಾದರೂ ಹಾಲು ತರಲು ಹೋಗುತ್ತ ತಲೆಯೆತ್ತಿ ನನ್ನ ಮುಖ ನೋಡಿದರೆ ಅಲ್ಲಿ ಆ ಹಳೆಯ ದಾನಿಯ ಕಳೆ ಕಾಣಲಾರದು. ಉತ್ತರ ಸರಿಯೋ ತಪ್ಪೋ ಎಂದು ಮಾಸ್ತರರ ಮುಖ ನೋಡುವ ವಿದ್ಯಾರ್ಥಿಯ ಕಳವಳ ಕಂಡರೆ ಕಂಡೀತು. ಕೆಲಸ ಮುಗಿದ ಮೇಲೆ ನಾನು ಎರಡು ಮೆಟ್ಟಿಲು ಮುಂದೆ ಇಳಿದು ನಿಲ್ಲುತ್ತೇನೆ, ಅವಳು ನನ್ನ ಭುಜದ ಮೇಲೆ ಕೈಯಿಡುತ್ತಾಳೆ. ಅವಳ ಕಾಲು ಗಟ್ಟಿಯಾಗಿ ಎಷ್ಟೋ ದಿನವಾಯಿತು. ನಾನು ಕಚೇರಿಗೆ ಹೋದಾಗ ಒಬ್ಬಳೇ ಹತ್ತಿ ಇಳಿದು ಬಟ್ಟೆ ಒಣಹಾಕುತ್ತಾಳೆಂದು ಎದುರು ಮನೆಯವರು ಹೇಳಿದ್ದಾರೆ. ಆ ವಿಷಯ ಅವಳೂ ಎತ್ತಿಲ್ಲ, ನಾನೂ ಕೇಳಿಲ್ಲ.